ಐದರಿಂದ ಎಂಟರವರೆಗಿನ ಕಲ್ಲುಗಳು

ನಮ್ಮಮ್ಮ ಅಶ್ವತ್ಥಮ್ಮ ಹಿಮಾಲಯವನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ತಾರಸಿಯ ಮೇಲೆ ಒಣಗಲು ಹಾಕಿದ್ದಳು.

ತಮಾಷೆಗೆ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಮೂರು ದಿನ ಇದ್ದು ಮೇಲೂರಿಗೆ ವಾಪಸು ಬಂದಾಗ ನನ್ನ ಹನ್ನೆರಡು ಬಟ್ಟೆ ಚೀಲಗಳು ಹಗ್ಗದ ಮೇಲೆ ಸಾಲಾಗಿ ತೂಗಾಡುತ್ತಿದ್ದವು. ಹೊಲಿದ ದಿನವೂ ಅವು ಅಷ್ಟು ಬೆಳ್ಳಗಿರಲಿಲ್ಲ. ಚಪ್ಪಲಿ ಕೂಡ ಬಿಡದೆ ಮೆಟ್ಟಿಲು ಹತ್ತಿದೆ. ಲಡಾಖಿನಿಂದ ಹೊತ್ತು ತಂದ ಕಲ್ಲುಗಳು ಮೂರು ಗುಡ್ಡೆಯಾಗಿ ಬಿಸಿಲು ಕಾಯುತ್ತಿದ್ದವು. ದಪ್ಪನವು ಒಂದು ಕಡೆ, ಸಣ್ಣವು ಒಂದು ಕಡೆ, ಮುಟ್ಟಿದರೆ ಪುಡಿ ಉದುರುವಂಥವು ಮೂಲೆಯಲ್ಲಿ. ಮಾರ್ಕೆಟ್ಟಿಗೆ ಹಾಕುವ ಮುಂಚೆ ನಮ್ಮ ಮನೆಯಲ್ಲಿ ರೇಷ್ಮೆಗೂಡು ಆರಿಸುವುದು ಹೀಗೆಯೇ.

"ನೋಡಮ್ಮಣ್ಣಿ, ಎಷ್ಟು ಕ್ಲೀನಾಗವೆ," ಅಂದಳು ಅಮ್ಮ, ಹಿಂದೆಯೇ ಬಂದು. "ಒಂದು ಗೇಣು ಧೂಳಿತ್ತು. ಪಕ್ಕದ್ಮನೆ ಅಮ್ಮಾಜಮ್ಮನೂ ನಾನೂ ಎರಡು ಸಲ ಉಜ್ಜಿದ್ವಿ."

ಅವಳನ್ನು ಬೈಯಲು ನನಗೆ ಬಾಯೇ ಬರಲಿಲ್ಲ. ಆಮೇಲೆ ಬಂತು, ಸಾಕಷ್ಟು ಬಂತು.

ನಾನು ಭಾನುಪ್ರಿಯಾ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಫೆಲೋಶಿಪ್ ಪಡೆದು ಪಿಎಚ್‌ಡಿ ಮಾಡುತ್ತಿದ್ದೇನೆ. ಇಂಡಿಯಾದ ನೆಲ ತೇಲಿಕೊಂಡು ಹೋಗಿ ಏಷ್ಯಾದ ನೆಲಕ್ಕೆ ಡಿಕ್ಕಿ ಹೊಡೆದದ್ದು ಯಾವಾಗ ಅನ್ನುವುದು ನನ್ನ ವಿಷಯ. ಐದಾರು ಕೋಟಿ ವರ್ಷದ ಹಿಂದಿನ ಮಾತು. ಎರಡು ನೆಲಗಳ ನಡುವೆ ಆಗ ಸಮುದ್ರವಿತ್ತು. ನಮ್ಮ ಕಡೆಯ ದಂಡೆಯಲ್ಲಿ ನಮ್ಮ ಕಡೆಯ ಮರಳು ಮಾತ್ರ ಬೀಳುತ್ತಿತ್ತು. ಸಮುದ್ರ ಮುಚ್ಚಿಕೊಂಡ ಮೇಲೆ ಆ ಕಡೆಯ ನದಿಗಳು ಆ ಕಡೆಯ ಮರಳನ್ನು ತಂದು ಸುರಿದವು. ಆ ಮರಳೆಲ್ಲ ಪದರದ ಮೇಲೆ ಪದರ ಕೂತು ಕಲ್ಲಾಗಿದೆ. ಮರಳಿನೊಳಗೆ ಜಿರ್ಕಾನ್ ಎಂಬ ಗಟ್ಟಿ ಹರಳುಗಳಿರುತ್ತವೆ. ಯಾವ ಹರಳು ಎಷ್ಟು ಹಳೆಯದು ಎಂದು ಲೇಸರ್ ಯಂತ್ರ ಹೇಳುತ್ತದೆ, ಅದರಿಂದ ಯಾವ ಕಡೆಯದು ಎಂದೂ ಗೊತ್ತಾಗುತ್ತದೆ. ಆ ಕಡೆಯ ಹರಳು ಮೊದಲ ಸಲ ಯಾವ ಪದರದಲ್ಲಿ ಕಾಣಿಸುತ್ತದೋ ಡಿಕ್ಕಿ ಅಷ್ಟರಲ್ಲಿ ಆಗಿದೆ ಅಂತ ಲೆಕ್ಕ. ಆದ್ದರಿಂದ ಕೆಳಗಿನ ಪದರ ಯಾವುದು, ಮೇಲಿನದು ಯಾವುದು ಅನ್ನುವುದೇ ನನ್ನ ಇಡೀ ಪಿಎಚ್‌ಡಿ. ಒಂದನೇ ಚೀಲ ಕೆಳಗಿನ ಪದರದ್ದು, ಹನ್ನೆರಡನೆಯದು ತುತ್ತತುದಿಯದ್ದು.

ಸಂಸ್ಥೆಯಲ್ಲಿ ಕಲ್ಲಿಡುವ ಕೋಣೆ ಸೋರಿ ರಿಪೇರಿಯಲ್ಲಿತ್ತು. "ನಾಕು ದಿನ ಊರಲ್ಲಿ ಇಟ್ಕೊಂಡಿರಮ್ಮ" ಎಂದರು ನನ್ನ ಗೈಡ್ ಚೆನ್ನರಾಯಪ್ಪ ಸರ್. ಇಟ್ಟುಕೊಂಡೆ, ರೇಷ್ಮೆಹುಳ ಸಾಕುವ ನಮ್ಮ ಹುಳಮನೆಯ ಜಗಲಿಯ ಮೇಲೆ. ಮುಂದಿನ ವಾರ ಚಾಕಿ ಹುಳ, ಅಂದರೆ ಮರಿ ಹುಳ, ಮನೆಗೆ ಬರುವುದಿತ್ತು. ಹುಳ ಬರುವ ಮುಂಚೆ ಹುಳಮನೆಯ ನೆಲ, ಗೋಡೆ, ತಟ್ಟೆ, ಬುಟ್ಟಿ ಎಲ್ಲಕ್ಕೂ ಬ್ಲೀಚಿಂಗ್ ನೀರಿನ ಸ್ನಾನ ಆಗಲೇಬೇಕು. ಹೊರಗಿನ ಧೂಳಿನಲ್ಲಿ ಸುಣ್ಣಕಟ್ಟು ರೋಗ ಬಂತೆಂದರೆ ಇಡೀ ಬೆಳೆ ನೆಗೆದು ಬೀಳುತ್ತದೆ. ಎಲ್ಲಿಯದೋ ಧೂಳು ಮೆತ್ತಿಕೊಂಡ ಹನ್ನೆರಡು ಚೀಲ ಬಾಗಿಲಲ್ಲೇ ಕೂತಿದ್ದರೆ ಅಮ್ಮನ ಕೈ ಸುಮ್ಮನಿರುತ್ತದೆಯೆ? ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಅಲ್ಲೇ ಇಟ್ಟು ಹೋದೆ.

"ಚೀಲದೊಳಗೆ ಚೀಟಿ ಇದ್ವಲ್ಲಮ್ಮ?"

"ಇದ್ವು. ನೀರೊಲೆ ಹಚ್ಚೋಕೆ ಹಾಕ್ದೆ. ಏನೋ ಇಂಗ್ಲೀಷಲ್ಲಿ ಗೀಚಿತ್ತು."

"ಚೀಲದ ಮೇಲೆ ನಂಬರು?"

"ಅದು ಹೋಯ್ತು ಕಣಮ್ಮ. ಪರ್ಮನೆಂಟು ಅಂತಿದ್ದೆ, ಒಂದೇ ಉಜ್ಜಿಗೆ ಹೋಯ್ತು."

ಆ ಚೀಲಗಳನ್ನು ಹಳೆಯ ಪಂಚೆ ಹರಿದು ಹೊಲಿದುಕೊಟ್ಟವಳೂ ಅಮ್ಮನೇ. ಹೊಲಿಯುವಾಗ ಕೇಳಿದ್ದಳು, "ನಂಬರು ದಾರದಲ್ಲೇ ಹಾಕ್ಲೇನಮ್ಮ? ಗೂಡಿನ ಮೂಟೆಗೆ ಹಾಕ್ತೀವಲ್ಲ, ಹಂಗೆ?" ನಾನು ನಕ್ಕು ಮಾರ್ಕರ್ ತೋರಿಸಿದ್ದೆ. ಕಲ್ಲಿನ ಮೇಲೆಯೂ ನಂಬರು ಬರೆಯಬೇಕು ಎಂದು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಲಡಾಖಿನ ಚಳಿಗಾಳಿಯಲ್ಲಿ ನನ್ನ ಬೆರಳು ಮರಗಟ್ಟಿತ್ತು. ಚೀಲದ ಮೇಲಿದೆಯಲ್ಲ, ಸಾಕು ಅಂದುಕೊಂಡೆ. ಇದನ್ನು ನೆನೆದಾಗೆಲ್ಲ ನನಗೆ ನಾನೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ಅವತ್ತು ಊಟ ಮಾಡಲಿಲ್ಲ. ಅಮ್ಮನ ಮೇಲೆ ಕೂಗಾಡಿದೆ. ಅವಳು "ಅಯ್ಯೋ ದೇವುಡಾ, ಕಲ್ಲಲ್ವಾ, ಕಲ್ಲಿಗೇನಾಗತ್ತೆ ಅಂದ್ಕಂಡೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಲ್ಲಿಗೆ ಏನೂ ಆಗಿರಲಿಲ್ಲ, ಅದೂ ನಿಜ. ಬ್ಲೀಚಿಂಗ್ ಪೌಡರಿಗೆ ಜಿರ್ಕಾನ್ ಜಗ್ಗುವುದಿಲ್ಲ. ಹಾಳಾದದ್ದು ಕ್ರಮ ಒಂದೇ.

ಎರಡು ದಿನ ತಾರಸಿಯ ಮೇಲೆ ಕೂತು ಫೋಟೋ, ನೋಟ್‌ಬುಕ್, ಭೂತಗನ್ನಡಿ ಇಟ್ಟುಕೊಂಡು ಜೋಡಿಸಿದೆ. ಕೆಂಪು ಛಾಯೆಯದು ಹನ್ನೆರಡು. ಚಿಪ್ಪಿನ ಚೂರಿದ್ದದ್ದು ಎರಡು. ಪುಡಿ ಉದುರುತ್ತಿದ್ದದ್ದು ಒಂದೇ ಪದರ, ಅದು ಒಂಬತ್ತು. ಅಮ್ಮ ಮೂಲೆಗೆ ತಳ್ಳಿದ್ದರಿಂದ ಅದು ಪೂರ್ತಿ ಒಂದೇ ಕಡೆ ಸಿಕ್ಕಿತು. ಹೀಗೆ ಎಂಟು ಚೀಲದ ಕಲ್ಲುಗಳು ದಾರಿಗೆ ಬಂದವು. ಉಳಿದದ್ದು ಐದು, ಆರು, ಏಳು, ಎಂಟು. ನಾಲ್ಕೂ ಒಂದೇ ಬೂದು, ಒಂದೇ ಒರಟು, ಅವಳಿಜವಳಿಗಳ ಹಾಗೆ. ಒಂದೊಂದನ್ನೂ ನೂರು ಸಲ ತಿರುಗಿಸಿ ನೋಡಿದೆ. ನಾಲ್ಕನೆಯದರಲ್ಲಿ ಆ ಕಡೆಯ ಹರಳಿಲ್ಲ, ಒಂಬತ್ತನೆಯದರಲ್ಲಿ ಇದೆ ಎಂದು ಹಿಂದಿನವರೇ ತೋರಿಸಿದ್ದರು; ಉತ್ತರ ಬಚ್ಚಿಟ್ಟುಕೊಂಡಿದ್ದ ಪದರಗಳೇ ಅವು. ಇದೂ ನನ್ನ ಕರ್ಮ.

ಮತ್ತೆ ಹೋಗಿ ತರೋಣವೆಂದರೆ ಆಗಲೇ ಅಕ್ಟೋಬರ್. ಹಿಮ ಬಿದ್ದು ಆ ಕಣಿವೆಯ ದಾರಿ ಮುಚ್ಚಿತ್ತು, ತೆರೆಯುವುದು ಜೂನಿನಲ್ಲಿ. ಫೆಲೋಶಿಪ್ ಮುಗಿಯುವುದು ಮಾರ್ಚಿಗೆ. ನಾಲ್ಕನೇ ವರ್ಷ ಸಿಗಬೇಕಾದರೆ ಜನವರಿಯಲ್ಲಿ ಕಮಿಟಿಯ ಮುಂದೆ ಹೊಸದೇನಾದರೂ ತೋರಿಸಬೇಕಿತ್ತು.

ಚೆನ್ನರಾಯಪ್ಪ ಸರ್ ಚಿಂತಾಮಣಿ ಕಡೆಯವರು, ಕೆಟ್ಟವರಲ್ಲ. ಆ ನಾಲ್ಕು ಪದರದ ಒಂದೊಂದು ಕಲ್ಲನ್ನೂ ಬೇರೆ ಬೇರೆಯಾಗಿ ಪುಡಿ ಮಾಡಿ ಯಂತ್ರಕ್ಕೆ ಕೊಡಿಸಿದರು. ಫಲಿತಾಂಶ ಬಂತು: ಕೆಲವು ಕಲ್ಲುಗಳಲ್ಲಿ ಆ ಕಡೆಯ ಹರಳಿತ್ತು, ಕೆಲವುಗಳಲ್ಲಿ ಇರಲಿಲ್ಲ.

"ಇನ್ನೇನಮ್ಮ," ಅಂದರು ಫೋನಿನಲ್ಲಿ. "ಇಲ್ದೇ ಇರೋವು ಐದು, ಆರು. ಇರೋವು ಏಳು, ಎಂಟು. ಹಂಗೇ ತಾನೇ ಇರೋಕೆ ಸಾಧ್ಯ? ಹಾಕ್ಬಿಡು. ತಲೆ ಕೆಡಿಸ್ಕೋಬೇಡ."

"ಸರ್, ಆ ಕಡೆಯ ಮರಳು ಬಂದು, ನಿಂತು, ಮತ್ತೆ ಬಂದಿದ್ರೆ?"

"ಯಾರು ಹೋಗಿ ನೋಡ್ತಾರಮ್ಮ?"

ಫೋನಿಟ್ಟೆ. ನಾನು ಕಂಡುಹಿಡಿಯಬೇಕಾದದ್ದನ್ನೇ ಮೊದಲು ನಂಬಿ, ಆಮೇಲೆ ಅದರ ಪ್ರಕಾರ ಕಲ್ಲು ಜೋಡಿಸಿ, ಕಂಡುಹಿಡಿದೆ ಅನ್ನಬೇಕಂತೆ. ಆಸೆಯಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆಯಿತು, ಬಹಳ ಆಯಿತು. ನಾಲ್ಕು ಅಂಕಿ ಬರೆದರೆ ನಾಲ್ಕನೇ ವರ್ಷ ನನ್ನದು.

ಅಪ್ಪ ರಾಮಾಂಜಿನಪ್ಪ ಪಡಸಾಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದ. ಅಮ್ಮ ಸೊಪ್ಪು ಹರಡುತ್ತಿದ್ದಳು. ತಡೆಯಲಾರದೆ ಇಬ್ಬರಿಗೂ ಹೇಳಿದೆ.

"ಬೆರೆತೋಗಿದ್ದನ್ನ ಬೆರೆತೋಗಿದೆ ಅಂತ ಹೇಳೋಕೇನಮ್ಮ?" ಅಂದಳು ಅಮ್ಮ. "ಹೋದ ವರ್ಷ ಎರಡು ಬೆಳೆ ಗೂಡು ಬೆರೆತೋದಾಗ ನಿಮ್ಮಪ್ಪ ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಬೆರಕೆ ಅಂತ ಹೇಳೇ ಲಾಟ್ ಹಾಕ್ಲಿಲ್ವಾ?"

"ಹೇಳ್ದೆ ಹಾಕಿದ್ರೆ ನಡೀತಿತ್ತು," ಅಂದ ಅಪ್ಪ, ತಲೆಯೆತ್ತದೆ. "ಆದ್ರೆ ಗೂಡು ತಗೊಳ್ಳೋ ಅಮೀರ್ ಜಾನ್ ನೂಲು ತೆಗೆಯೋಕೆ ಕೂತಾಗ ಎಳೆ ಎಳೆಗೂ ಕಿತ್ಕೊಳ್ಳತ್ತೆ. ಅವನು ಅಲ್ಲಿ ಬೈಕೊಂಡ್ರೆ ನಂಗಿಲ್ಲಿ ಅನ್ನ ಸೇರಲ್ಲ."

"ನಿಮಗೆ ಹೇಳೋದು ಸುಲಭ!" ಎಂದು ಕಿರುಚಿದೆ. ಬೆರೆಸಿದ್ದೂ ಇವಳೇ, ಬೆರೆತಿದೆ ಅಂತ ಹೇಳು ಅನ್ನುವುದೂ ಇವಳೇ! ಕೈಲಿದ್ದ ಪೆನ್ನನ್ನು ಗೋಡೆಗೆ ಬೀಸಿ ಎದ್ದುಹೋದೆ. ಹಿಂದಿನಿಂದ ಅಮ್ಮ, "ಜೋರು ಮಾಡ್ಬೇಡ್ವೇ, ಹುಳ ಜ್ವರಕ್ಕೆ ಕೂತವೆ" ಅಂದಳು. ಪೊರೆ ಬಿಡುವ ಹುಳಗಳಿಗಿರುವ ಮರ್ಯಾದೆ ಈ ಮನೆಯಲ್ಲಿ ನನಗಿಲ್ಲ.

ಆದರೂ ಕಮಿಟಿಗೆ ಕೊಡುವ ಪಟ್ಟಿಯಲ್ಲಿ ಬರೆದದ್ದು ಹಾಗೆಯೇ: ಐದರಿಂದ ಎಂಟು, ಬೆರೆತಿವೆ, ಕ್ರಮ ತಿಳಿದಿಲ್ಲ. ಸರ್ ಅದನ್ನು ನೋಡಿ, "ಸರಿ, ನಿನ್ನಿಷ್ಟ" ಎಂದಷ್ಟೇ ಹೇಳಿ ಸಹಿ ಹಾಕಿದರು.

ಜನವರಿಯಲ್ಲಿ ಕಮಿಟಿ ಹತ್ತೇ ನಿಮಿಷದಲ್ಲಿ ನನ್ನನ್ನು ಮುಗಿಸಿತು. "ಡಿಕ್ಕಿ ನಾಲ್ಕಕ್ಕೂ ಒಂಬತ್ತಕ್ಕೂ ನಡುವೆ ಎಲ್ಲೋ ಆಗಿದೆ ಅಂತೀರಿ. ಇದು ನಮಗೆ ಮೊದಲೇ ಗೊತ್ತಿತ್ತಲ್ಲ, ಹೊಸದೇನು?" ಎಂದು ಕೇಳಿದರು ಒಬ್ಬರು. ಹೊಸದೇನೂ ಇರಲಿಲ್ಲ. ನಾಲ್ಕನೇ ವರ್ಷ ಸಿಗಲಿಲ್ಲ. ನೋಂದಣಿ ಇರುತ್ತದೆ, ಫೆಲೋಶಿಪ್ ಇರುವುದಿಲ್ಲ. ಬೆರಕೆ ಎಂದು ನಾನು ಹೇಳಿಕೊಂಡದ್ದಕ್ಕೆ ಯಾರೂ ಒಂದು ಮೆಚ್ಚುಗೆಯ ಮಾತೂ ಆಡಲಿಲ್ಲ.

ಚಿಕ್ಕಬಳ್ಳಾಪುರದವರೆಗೆ ನಿಂತುಕೊಂಡೇ ಬಂದೆ. ಅಲ್ಲಿ ಬಸ್ಸು ಬದಲಾಯಿಸಿ ಮನೆ ಸೇರಿದಾಗ ಅಮ್ಮ ಹುಳಮನೆಯ ಬಾಗಿಲಲ್ಲಿ ಕೂತಿದ್ದಳು. ಒಳಗೆ ಮತ್ತೊಂದು ಬೆಳೆ ನಡೆಯುತ್ತಿತ್ತು.

"ಕಾಲು ಅದ್ದಿ ಬಾ," ಅಂದಳು ಬ್ಲೀಚಿಂಗ್ ನೀರಿನ ತಟ್ಟೆ ತೋರಿಸಿ. ಆಮೇಲೆ ನನ್ನ ಮುಖ ನೋಡಿ, "ಕೊಡ್ಲಿಲ್ವಾ?"

"ಇಲ್ಲ."

ಅವಳು ಒಳಗೆ ಹೋಗಿ ಒಂದು ಗಂಟು ತಂದು ನನ್ನ ಮಡಿಲಲ್ಲಿಟ್ಟಳು. ಆ ಹನ್ನೆರಡು ಚೀಲಗಳು. ಒಂದೊಂದರ ಮೇಲೂ ಬೆರಳುದ್ದದ ಅಂಕಿ, ಕೆಂಪು ದಾರದಲ್ಲಿ, ಒತ್ತಾಗಿ ಹೊಲಿದದ್ದು. ಅವಳಿಗೆ ಬರುವ ಕನ್ನಡ ಅಂಕಿಗಳು. ೫ ಎಂಬಲ್ಲಿ ಒಮ್ಮೆ ತಪ್ಪಿ ಬಿಚ್ಚಿ ಮತ್ತೆ ಹಾಕಿದ ಸೂಜಿಯ ತೂತುಗಳಿದ್ದವು.

"ಈಗ ಎಷ್ಟು ತೊಳೆದ್ರೂ ಹೋಗಲ್ಲ," ಅಂದಳು. "ಅವತ್ತೇ ಹಾಕ್ತಿದ್ದೆ. ನೀನು ಬೇಡ ಅಂದೆ."

ಸಿಟ್ಟು ನೆತ್ತಿಗೇರಿತು. ಈಗ ಹೊಲಿದರೇನು ಬಂತು ಅನ್ನಬೇಕೆಂದು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಅವಳ ಭುಜಕ್ಕೆ ತಲೆ ಕೊಟ್ಟು ಮಗುವಿನ ಹಾಗೆ ಅತ್ತೆ. ಅವಳೂ ಅತ್ತಳು.

"ಜೂನಲ್ಲಿ ದಾರಿ ತೆಗೀತಾರೆ ಅಂತ ನೀನೇ ಅಂದಿದ್ದೆ," ಅಂದಳು ಸೆರಗಿನಿಂದ ನನ್ನ ಕೆನ್ನೆ ಒರೆಸಿ. "ನಾನೂ ಬರ್ತೀನಿ. ಚೀಲದ ಬಾಯಿ ಕಟ್ಟೋಕೆ ಒಬ್ರು ಬೇಕಲ್ಲ, ನಿಂಗೆ ಚಳಿಗೆ ಬೆರಳಾಡಲ್ಲ."

ಬೇಡ ಅನ್ನಲಿಲ್ಲ. ಎಂಟು ಚೀಲಗಳನ್ನು ಅವಳಿಗೆ ಹಿಂದಿರುಗಿಸಿದೆ. ಐದು, ಆರು, ಏಳು, ಎಂಟನ್ನು ಮಡಚಿ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ.