ಜಿಯಾವುಲ್ಲಾ ಕಟ್ಟಿದ ಬಾವುಟ

ಬಾವುಟ ಕಟ್ಟುವುದು ಯಾರಿಗೆ ಬೇಕಾದರೂ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಹದಿನಾಲ್ಕು ವರ್ಷದಿಂದ ಯಲಹಂಕದ ಈ ಸರ್ಕಾರಿ ಶಾಲೆಯ ಹೆಡ್‌ಮಿಸ್ ಆಗಿರುವ ನನಗೆ ಹೀಗೆ ಅಂದುಕೊಳ್ಳುವವರನ್ನು ಕಂಡು ಕಂಡು ಸಾಕಾಗಿದೆ.

ಇಪ್ಪತ್ತೆರಡು ವರ್ಷ ನಮ್ಮ ಬಾವುಟ ಕಟ್ಟಿದ್ದು ಅಟೆಂಡರ್ ಜಿಯಾವುಲ್ಲಾ. ಬಾವುಟದ ಮಡಿಕೆಯೊಳಗೆ ಒಂದು ಹಿಡಿ ಹೂವಿನ ಎಸಳು, ಮೇಲೊಂದು ಜಾರುಗಂಟು. ಹಗ್ಗ ಒಮ್ಮೆ ಎಳೆದರೆ ಸಾಕು. ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಆಗಸ್ಟ್ ಹದಿನೈದಕ್ಕೆ ಅವರನ್ನೇ ಕರೆಸುತ್ತೇನೆ ಎಂದಾಗ ಶಾಲಾ ಸಮಿತಿಯ ಅಧ್ಯಕ್ಷ ಮನೋಹರ್, "ಅವ್ರ್ಯಾಕೆ ಮೇಡಂ? ನಮ್ ಹುಡುಗ್ರೇ ಕಟ್ತಾರೆ ಬಿಡಿ," ಎಂದರು. ಆ ‘ಅವ್ರು’ ಯಾಕೆ ಹಾಗೆ ಬಂತೆಂದು ನನಗೆ ಗೊತ್ತಿತ್ತು. ಜಗಳವಾಡುವ ತ್ರಾಣವಿರಲಿಲ್ಲ. ಸುಮ್ಮನಾದೆ.

ಆ ದಿನ ಹುಡುಗರು ಅಭಿಮಾನ ಹೆಚ್ಚಾಗಿ ಒಂದು ಕೇಜಿ ಸೇವಂತಿಗೆ ತುಂಬಿದ್ದರು. ಉದುರದಿರಲೆಂದು ಬಿಗಿದೂ ಕಟ್ಟಿದ್ದರು. ಮನೋಹರ್ ಎಳೆದರು, ಮತ್ತೆ ಎಳೆದರು, ಬೆವೆತರು. ಕಗ್ಗಂಟು. ಹೊತ್ತು ತಳ್ಳಲು ಏಳನೇ ಕ್ಲಾಸಿನ ಬಿಂದುಶ್ರೀಗೆ ಭಾಷಣ ಶುರುಮಾಡಲು ಹೇಳಿದೆ.

"ಕೇಸರಿ ಅಂದರೆ ತ್ಯಾಗ, ಬಿಳಿ ಅಂದರೆ ಶಾಂತಿ, ಹಸಿರು ಅಂದರೆ ಸಮೃದ್ಧಿ. ಮೊದಲು ಚರಕ ಇತ್ತು, ಆಮೇಲೆ ಇಪ್ಪತ್ನಾಲ್ಕು ಅರೆಗಳ ಚಕ್ರ ಬಂತು. ಎಲ್ಲರೂ ಮೇಲೆ ನೋಡಿ!" ಪಾಪ, ಕಂಠಪಾಠ ಮಾಡಿದ ಹಾಗೇ ಕೈ ಎತ್ತಿ ಆ ಮೂಟೆಯನ್ನೇ ತೋರಿಸಿದಳು. ಮಕ್ಕಳು ಕಿಸಕ್ಕೆಂದರು.

ಗೇಟಿನಾಚೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಿಯಾವುಲ್ಲಾ ನಿಂತಿದ್ದರು. ಹತ್ತಿರ ಓಡಿದೆ.

"ನೀವೇ ಬರ್ಬೇಕು. ಮರ್ಯಾದೆ ಹೋಗ್ತಿದೆ."

"ಬರ್ತೀನಿ ಮೇಡಂ," ಎಂದು ಚಪ್ಪಲಿ ಬಿಟ್ಟರು. "ಇಷ್ಟು ವರ್ಷ ಕಂಬದ ಹಿಂದೆ ಬಗ್ಗಿ ಹಗ್ಗ ಸುತ್ತಿದ್ದೇ ಆಯ್ತು. ಬಾವುಟ ಬಿಚ್ಕೊಳ್ಳೋದು ಒಂದ್ಸಲಾನೂ ನೋಡಿಲ್ಲ. ಈ ಸಲ ಡ್ಯೂಟಿ ಇಲ್ವಲ್ಲ, ಕಣ್ತುಂಬ ನೋಡ್ಕೊಂಡು ಹೋಗಾಣಾಂತ ಬಂದೆ."

ಕಟ್ಟನ್ನು ಕೆಳಗಿಳಿಸಿದರು. ಉಗುರಿನಿಂದ ಗಂಟು ಬಿಡಿಸಿ, ಹೂವು ಕೊಡವಿ, ಹೊಸದಾಗಿ ಕಟ್ಟಿ ಮೇಲೇರಿಸಿದರು. ‘ನೀವು ಮುಂದೆ ಹೋಗಿ ನಿಲ್ಲಿ, ಇಲ್ಲಿ ನಾನಿರುತ್ತೇನೆ’ ಎಂದು ನಾನು ಹೇಳಬಹುದಿತ್ತು. ಅಷ್ಟರಲ್ಲಿ ಮನೋಹರ್ ಹಗ್ಗಕ್ಕೆ ಕೈ ಚಾಚಿದ್ದರು, ಎಲ್ಲರೂ ಕಾಯುತ್ತಿದ್ದರು, ನಾನು ಮತ್ತೆ ಸುಮ್ಮನಾದೆ.

ಬಾವುಟ ಬಿಚ್ಚಿಕೊಂಡಿತು. ಇಡೀ ಶಾಲೆ ಕತ್ತೆತ್ತಿತು. ಕಂಬದ ಹಿಂದೆ ಜಿಯಾವುಲ್ಲಾ ಬಗ್ಗಿ, ಹಗ್ಗದ ತುದಿಯನ್ನು ಕಂಬಕ್ಕೆ ಸುತ್ತಿ ಭದ್ರಮಾಡುತ್ತಿದ್ದರು. ರಾಷ್ಟ್ರಗೀತೆ ಶುರುವಾಯಿತು. ನಾನು ಬಾವುಟದ ಕಡೆ ನೋಡದೆ, ಅವರ ಬಗ್ಗಿದ ಬೆನ್ನನ್ನೇ ನೋಡುತ್ತ ಹಾಡಿದೆ.