ಆಪರೇಷನ್ ಆದವರು, ಆಗದವರು

ಅಕ್ಕ ಒಪ್ಪಿಗೆ ಪತ್ರ ಹಿಡಿದು ನನ್ನ ಮೇಜಿನ ಮುಂದೆ ನಿಂತಾಗ ಬೆಳಿಗ್ಗೆ ಹತ್ತೂವರೆ. ಅದರಲ್ಲಿ ಅವಳ ಸಹಿ ಇನ್ನೂ ಬಿದ್ದಿರಲಿಲ್ಲ.

"ನೀನು ಹಗಲೆಲ್ಲಾ ಇಲ್ಲೇ ಫೈಲುಗಳ ಮಧ್ಯೆ ಕೂತಿರ್ತೀಯಲ್ಲ, ನೀನೇ ಹೇಳೇ. ಕೊಯ್ಸಿಕೊಂಡವರು ಬದುಕ್ತಾರಾ?"

ಭಾವನಿಗೆ ಮೂರು ದಿನ ವಾಂತಿ ಭೇದಿಯಾಗಿ ರಕ್ತದೊತ್ತಡ ತೀರಾ ಇಳಿದಿತ್ತು. ಆಮೇಲೆ ಹೊಟ್ಟೆ ಹಲಗೆಯಂತೆ ಬಿಗಿದು, ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ದೊಡ್ಡ ಕರುಳಿಗೆ ರಕ್ತ ಹರಿಯುತ್ತಿಲ್ಲ, ಒಂದು ಭಾಗ ಸತ್ತಂತಿದೆ, ಇವತ್ತೇ ಕತ್ತರಿಸಿ ತೆಗೆಯಬೇಕು ಎಂದು ಸರ್ಜನ್ ಹೇಳಿದ್ದರು. ತೆಗೆದರೂ ಉಳಿಯುವ ಭರವಸೆ ಕೊಡಲಾಗದು. ಉಳಿದರೆ ಹೊಟ್ಟೆಯ ಮೇಲೆ ಮಲ ತುಂಬುವ ಚೀಲ ಕಟ್ಟಿಕೊಂಡಿರಬೇಕು.

ಭಾವ ಅಂಚೆಯವರು. ನೋವಿನಲ್ಲೂ ಬಾಯಿ ಸುಮ್ಮನಿರಲಿಲ್ಲ. "ಇಪ್ಪತ್ತೆಂಟು ವರ್ಷ ಹೆಗಲ ಮೇಲೆ ಚೀಲ ಹೊತ್ತೆ. ಈಗ ಹೊಟ್ಟೆಗೂ ಒಂದಂತೆ. ಬಡ್ತಿ ಸಿಕ್ತು ಕಣಮ್ಮ!"

ನಾನು ಅದೇ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ. ರೋಗಿ ಹೊರಹೋದ ಮೇಲೆ ಫೈಲಿನ ಮೊದಲ ಹಾಳೆ ತುಂಬುವುದು ನನ್ನ ಕೆಲಸ: ಯಾವ ಕಾಯಿಲೆ, ಆಪರೇಷನ್ ಆಯಿತೋ ಇಲ್ಲವೋ, ಹೊರಗೆ ಹೋದದ್ದು ಜೀವಂತವಾಗಿಯೋ ಅಲ್ಲವೋ. ಒಳಗಿನ ಹಾಳೆಗಳು ನಮಗೆ ಸಂಬಂಧಿಸಿದ್ದಲ್ಲ. ಅಕ್ಕ ಕೇಳಿದ್ದಕ್ಕೆ ಕಪಾಟು ತೆಗೆದು ಹುಡುಕಿದೆ. ಮೂರು ವರ್ಷಗಳಲ್ಲಿ ಇದೇ ಕಾಯಿಲೆಯ ನಲವತ್ತೈದು ಫೈಲುಗಳು ಸಿಕ್ಕವು. ಆಪರೇಷನ್ ಆದವರು ಹದಿನಾಲ್ಕು, ಸತ್ತವರು ಎಂಟು. ಆಗದವರು ಮೂವತ್ತೊಂದು, ಸತ್ತವರು ಮೂರೇ. ಸಂಜೆ ತರಗತಿಯಲ್ಲಿ ಕಲಿತಂತೆ ಶೇಕಡಾ ತೆಗೆದು, ನಂಬಿಕೆ ಸಾಲದೆ ಮೂರು ಸಲ ತಾಳೆ ನೋಡಿದೆ. ಲೆಕ್ಕ ಸರಿಯಾಗಿತ್ತು.

"ಕೊಯ್ಸಬೇಡ ಅಕ್ಕ. ಕೊಯ್ಸಿಕೊಂಡವರಲ್ಲಿ ನೂರಕ್ಕೆ ಐವತ್ತೇಳು ಜನ ಸತ್ತಿದ್ದಾರೆ, ಉಳಿದವರಲ್ಲಿ ಹತ್ತೇ," ಎಂದೆ.

ಇಬ್ಬರೂ ವಾರ್ಡಿಗೆ ಹೋದೆವು. ಅಕ್ಕ ಸರ್ಜನ್‌ಗೆ ಹೇಳಿದಳು: "ಒಂದು ದಿನ ನೋಡ್ತೀವಿ ಡಾಕ್ಟ್ರೇ. ನನ್ನ ತಂಗಿ ಲೆಕ್ಕ ಹಾಕಿದ್ದಾಳೆ."

ಅವರು ನನ್ನತ್ತ ತಿರುಗಿದರು. "ಯಾವ ಲೆಕ್ಕಮ್ಮಾ?"

ಅಪ್ಪಣೆಯಿಲ್ಲದೆ ಫೈಲು ತೆಗೆದದ್ದು ತಿಳಿದರೆ ಕೆಲಸಕ್ಕೇ ಸಂಚಕಾರ. ನಾನು ತಲೆ ತಗ್ಗಿಸಿದೆ. ಅವರು, "ಕಾದಷ್ಟೂ ಕಷ್ಟ, ತಿಳ್ಕೊಳ್ಳಿ," ಎಂದು ಮುಂದಿನ ಹಾಸಿಗೆಗೆ ಹೋದರು.

ಮರುದಿನ ಬೆಳಿಗ್ಗೆ ಭಾವ ಅಕ್ಕನನ್ನೇ ಯಾರು ಎಂದು ಕೇಳಿದರು. ಅಕ್ಕ ಓಡಿಹೋಗಿ ಸಹಿ ಹಾಕಿದಳು. ಹೊಟ್ಟೆ ತೆರೆದಾಗ ದೊಡ್ಡ ಕರುಳು ಈ ತುದಿಯಿಂದ ಆ ತುದಿಯವರೆಗೆ ಕಪ್ಪಾಗಿತ್ತಂತೆ. ನಾಲ್ಕನೆಯ ದಿನ ಭಾವ ಹೋದರು.

ಮುಂದಿನ ವಾರ ಅವರ ಫೈಲು ನನ್ನ ಮೇಜಿಗೆ ಬಂತು. ಮೊದಲ ಹಾಳೆ ತುಂಬಿದೆ. ಆಪರೇಷನ್: ಆಗಿದೆ. ಫಲಿತಾಂಶ: ಮರಣ. ತಡವಾಯಿತು ಎಂದು ಬರೆಯಲು ಜಾಗವಿರಲಿಲ್ಲ. ಹದಿನಾಲ್ಕರಲ್ಲಿ ಎಂಟು ಎಂಬುದು ಹದಿನೈದರಲ್ಲಿ ಒಂಬತ್ತಾಯಿತು. ಹೆದರಿ ನಾನೇ ಬೇಡವೆಂದ ಆಪರೇಷನ್ನಿನ ಲೆಕ್ಕಕ್ಕೇ ಇನ್ನೊಂದು ಸಾವು ಸೇರಿತು.

ಆಮೇಲೆ ಮನಸ್ಸು ತಡೆಯದೆ ಹಳೆಯ ಫೈಲುಗಳ ಒಳಹಾಳೆಗಳನ್ನು ಓದಿದೆ. ಆಪರೇಷನ್ ಆಗದ ಮೂವತ್ತೊಂದರಲ್ಲಿ ಇಪ್ಪತ್ತೇಳು ಮಂದಿಗೆ ಅದರ ಅಗತ್ಯವೇ ಇರಲಿಲ್ಲ. ಅವರಿಗೆ ಬಂದದ್ದು ಹಗುರವಾಗಿತ್ತು. ಎರಡು ದಿನ ಗ್ಲೂಕೋಸ್ ಏರಿಸಿದ ಮೇಲೆ ನೋವು ಇಳಿದು, ಊಟ ಮಾಡಿ ಮನೆಗೆ ಹೋಗಿದ್ದರು. ಕರುಳು ಸತ್ತಿದೆ, ಕೊಯ್ಯಲೇಬೇಕು ಎಂದರೂ ಒಪ್ಪದವರು ನಾಲ್ಕೇ ಜನ. ಸತ್ತ ಮೂವರೂ ಅವರೇ. ನಾಲ್ಕನೆಯವರನ್ನು ಮನೆಯವರು ವೈದ್ಯರ ಮಾತು ಮೀರಿ ಸ್ಟ್ರೆಚರ್ ಮೇಲೆ ಕರೆದೊಯ್ದಿದ್ದರು. ಬಾಗಿಲು ದಾಟುವಾಗ ಉಸಿರಿತ್ತು. ಹಾಗಾಗಿ 'ಜೀವಂತ' ಎಂದು ಬರೆದವಳು ನಾನೇ.

ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಭಾವನ ಅಂಗಿಗಳನ್ನು ಯಾರಿಗೋ ಕೊಡಲು ಮಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಬಂದವರಿಗೆಲ್ಲಾ ಹೇಳ್ಕೊಂಡೆ ಕಣೇ, ತಂಗಿ ಇದ್ದದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕಲಿಲ್ಲ ಅಂತ." ಇನ್ನೊಂದು ಅಂಗಿ ತೆಗೆದುಕೊಂಡಳು. "ಅವತ್ತೇ ಕೊಯ್ಸಿದ್ದರೆ ಉಳೀತಿದ್ರಾ?"

"ಉಳೀಬಹುದಿತ್ತು. ಖಂಡಿತ ಹೇಳಕ್ಕಾಗಲ್ಲ."

"ಅವತ್ತು ಹೇಳೋಕಾಯ್ತಲ್ಲ, ನೂರಕ್ಕೆ ಇಷ್ಟು ಅಂತ?"

ನಾನೂ ಮಡಿಸಲೆಂದು ಎತ್ತಿದ ಅಂಗಿಯನ್ನು ಅವಳು ಕೈಯಿಂದ ತೆಗೆದುಕೊಂಡಳು.

"ಹೋಗಲಿ, ಇದನ್ನ ಈಗ ಯಾಕೆ ಹೇಳೋಕೆ ಬಂದೆ? ನಾನು ತಿಳ್ಕೊಳ್ಳಲಿ ಅಂತಾನಾ, ಇಲ್ಲ ನಿನ್ನ ಎದೆ ಹಗುರ ಆಗ್ಲಿ ಅಂತಾನಾ?"

ದಾರಿಯುದ್ದಕ್ಕೂ ಇದು ಅಕ್ಕನಿಗೆ ಸಲ್ಲಬೇಕಾದ ಸತ್ಯವೆಂದೇ ಅಂದುಕೊಂಡು ಬಂದಿದ್ದೆ. ಎದ್ದು ಚಪ್ಪಲಿ ಮೆಟ್ಟಿದೆ.

"ಬರ್ತೀನಿ ಅಕ್ಕ."

"ಹೂಂ, ಹೋಗು," ಎಂದಳು. ಹೋಗಿ ಬಾ ಎನ್ನಲಿಲ್ಲ.