ಮಾಸ್ಟರ ಪ್ರಾಬಬ್ಲಿ

ಆ ಬೀದಿಯ ಟೈಲರ್ ಮಾಸ್ಟರಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಬರುತ್ತಿದ್ದ ನಾಲ್ಕು ಮಾತನ್ನು ಅವರಷ್ಟು ದುಡಿಸಿಕೊಂಡವರು ಇನ್ನೊಬ್ಬರಿಲ್ಲ. ಡೆಫಿನೆಟ್ಲಿ ಎಂದರೆ ಖಂಡಿತವಾಗಿ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿರಬಹುದು. ಮಾಸ್ಟರ ಅಂಗಡಿಯಲ್ಲಿ ಮಾತ್ರ, ಬಟ್ಟೆಯನ್ನು ಚೀಲದಿಂದ ಇನ್ನೂ ಹೊರಗೇ ತೆಗೆದಿಲ್ಲ ಎಂದು ಅದರ ಅರ್ಥ. ಆಲ್ಮೋಸ್ಟ್ ಎಂದರೆ ಕತ್ತರಿ ಬಿದ್ದಿದೆ, ಸೂಜಿ ಬಿದ್ದಿಲ್ಲ. ಮಾತು ಆಕ್ಚುಯಲಿ ಎಂದು ಶುರುವಾಯಿತೋ, ಎಲ್ಲೋ ಎಡವಟ್ಟಾಗಿದೆ, ಮುಂದಿನದನ್ನು ಕೂತು ಕೇಳುವುದು ಮೇಲು. ಇನ್ನು "ಪ್ರಾಬಬ್ಲಿ ಆಗಿರಬೇಕು, ಬಂದು ನೋಡಿ" ಎಂದರೆಂದರೆ, ಬಟ್ಟೆ ಇಸ್ತ್ರಿಯಾಗಿ ಗೂಟದಲ್ಲಿ ನೇತಾಡುತ್ತಿದೆ ಎಂದು ಕಣ್ಣು ಮುಚ್ಚಿ ನಂಬಬಹುದಿತ್ತು.

ಹಾಗಂತ ಮಾಸ್ಟರು ಸುಳ್ಳುಗಾರರಲ್ಲ. ಕೆಲಸಕ್ಕೆ ಕೈ ಹಾಕುವ ಮುಂಚೆ ಅವರಿಗೆ ಎಲ್ಲಿಲ್ಲದ ಧೈರ್ಯ. ಬಟ್ಟೆಯನ್ನು ತಟ್ಟಿ ನೋಡಿ ಡೆಫಿನೆಟ್ಲಿ ಎನ್ನುವಾಗ ಅವರ ಮನಸ್ಸಿನಲ್ಲಿ ಕಾಜಾ ಕೂಡ ಹಾಕಿ ಆಗಿರುತ್ತಿತ್ತು. ಹೊಲಿದು ಮುಗಿಸಿದ ಮೇಲೆಯೇ ಅವರಿಗೆ ಪುಕಪುಕ. ಹಿಡಿಸುತ್ತದೋ ಇಲ್ಲವೋ, ಭುಜ ಕೂರುತ್ತದೋ ಇಲ್ಲವೋ ಎಂದು ಹೆದರಿ ಬಹುಶಃ ಎನ್ನುವ ಮಾತಿನ ಹಿಂದೆ ಅಡಗಿಕೊಳ್ಳುತ್ತಿದ್ದರು. ಇದು ಗೊತ್ತಿದ್ದ ಗಿರಾಕಿಗಳಿಗೆ ಒಂದಿಷ್ಟೂ ತೊಂದರೆ ಇರಲಿಲ್ಲ. ಹೊಸಬರು ಮಾತ್ರ ಜಗಳ ತೆಗೆದು ಹೋಗುತ್ತಿದ್ದರು.

ಪಕ್ಕದ ಬೀದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಅಕ್ಕ ಹಳೇ ಗಿರಾಕಿ. ತಮ್ಮನೊಬ್ಬನ ಬಾಯಲ್ಲಿ ಅಕ್ಕ ಅಕ್ಕ ಎಂದು ಕೇಳಿ ಕೇಳಿ ಊರಿಗೆಲ್ಲ ಅವಳು ಅಕ್ಕನೇ ಆಗಿಬಿಟ್ಟಿದ್ದಳು. ಅಪ್ಪ ಇದ್ದಾಗಿನಿಂದಲೂ ಆ ಮನೆಯ ಬಟ್ಟೆ ಮಾಸ್ಟರ ಹತ್ತಿರವೇ ಹೊಲಿಸಿದ್ದು, ಹಾಗಾಗಿ ಮಾಸ್ಟರ ಮಾತು ಬಟ್ಟೆಯ ಜೊತೆಗೇ ಮನೆಗೂ ಬಂದಿತ್ತು. ಅಡುಗೆ ಆಯಿತಾ ಎಂದು ತಮ್ಮ ಕೇಳಿದಾಗ ಅಕ್ಕ ಡೆಫಿನೆಟ್ಲಿ ಎಂದರೆ, ಒಲೆ ಹಚ್ಚಿಲ್ಲವೆಂದು ತಿಳಿದು ಅವನು ಸುಮ್ಮನೆ ಇನ್ನೊಂದು ಸುತ್ತು ತಿರುಗಾಡಿ ಬರುತ್ತಿದ್ದ.

ಈ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಎಷ್ಟೇ ಎತ್ತರದ ಕಟ್ಟಡವಾದರೂ ಹಗ್ಗ ಹಿಡಿದು ಇಳಿಯುತ್ತಿದ್ದ, ಆದರೆ ಮದುವೆ ಎಂದರೆ ಕಾಲು ನಡುಗುತ್ತಿತ್ತು. ಎರಡು ಸಲ ಮಾತುಕತೆ ಮುಗಿದು, ದಿನ ಗೊತ್ತಾಗಿ, ಅವನು ಡೆಫಿನೆಟ್ಲಿ ಎಂದು ಎದೆ ತಟ್ಟಿ ಹೇಳಿ, ಕೊನೆಗಳಿಗೆಯಲ್ಲಿ ನಾಪತ್ತೆಯಾಗಿದ್ದ. ಮೊದಲ ಸಲ ಯಾವುದೋ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆ ಎಂದ. ಎರಡನೆಯ ಸಲ ಬೂಟು ಕಚ್ಚುತ್ತಿದೆ ಎಂದ. ಬೂಟು ಕಚ್ಚಿದ್ದಕ್ಕೆ ಮದುವೆ ಬಿಟ್ಟವನನ್ನು ನೀವೆಲ್ಲಾದರೂ ಕಂಡಿದ್ದೀರಾ? ಎರಡು ಸಲವೂ ಆ ಮನೆಯವರ ಮುಂದೆ ಕೈಕಟ್ಟಿ ನಿಂತು ಬೈಸಿಕೊಂಡವಳು ಅಕ್ಕ.

ಈಗ ಮೂರನೆಯ ಸಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಎರಡು ಮಾತು ಬೇಕಾದ ಕಡೆ ಒಂದೇ ಮಾತಾಡುವ ಹೆಣ್ಣು. ತಮ್ಮನಿಗೆ ಅವಳೆಂದರೆ ಜೀವ, ಅದೂ ಅಕ್ಕನಿಗೆ ಗೊತ್ತು. ನಾಳೆ ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಆಗಬೇಕು. ತಮ್ಮ ಹೇಳಿದ್ದು ಒಂದೇ: "ಅಪ್ಪನ ಕೋಟು ಹಾಕ್ಕೊಂಡೇ ಸಹಿ ಹಾಕೋದು ಅಕ್ಕಾ. ಅದಿಲ್ದೆ ನಂಗೆ ಮನಸ್ಸು ಬರಲ್ಲ." ಅಪ್ಪನದು ದೊಡ್ಡ ಮೈ. ಕೋಟನ್ನು ಬಿಚ್ಚಿ ತಮ್ಮನ ಅಳತೆಗೆ ಇಳಿಸಲು ಮಾಸ್ಟರಿಗೆ ಕೊಟ್ಟಿತ್ತು. ಮಾತು ಕೇಳಲು ಚೆನ್ನಾಗಿಯೇ ಇತ್ತು, ಆದರೆ ಅಕ್ಕನಿಗೆ ಒಳಗುಟ್ಟು ಹೊಳೆಯಿತು. ಕೋಟು ಬರದಿದ್ದರೆ ಅದೇ ಈ ಸಲದ ಬೂಟು. ಈ ಹುಡುಗಿಯೂ ಕೈತಪ್ಪಿದರೆ ತಮ್ಮ ಇನ್ನು ಯಾರನ್ನೂ ತಲೆಯೆತ್ತಿ ನೋಡುವವನಲ್ಲ.

ಮಧ್ಯಾಹ್ನ ಅಕ್ಕ ಮಾಸ್ಟರಿಗೆ ಫೋನು ಮಾಡಿದಳು.

"ಮಾಸ್ಟ್ರೇ, ಕೋಟು?"

"ಆಗಿದೆ," ಎಂದರು ಮಾಸ್ಟರು.

ಅಕ್ಕ ಕಾದಳು. ಆ ಮಾತಿಗೆ ಹಿಂದೊಂದು ಇಂಗ್ಲಿಷಿಲ್ಲ, ಮುಂದೊಂದು ಇಲ್ಲ.

"ಪ್ರಾಬಬ್ಲಿ ಆಗಿದೆಯಾ?"

"ಇಲ್ಲಮ್ಮ. ಆಗಿದೆ."

ಇಷ್ಟು ವರ್ಷದಲ್ಲಿ ಮಾಸ್ಟರ ಬಾಯಿಂದ ಇಂಥ ಬೋಳು ಮಾತನ್ನು ಅವಳು ಕೇಳಿರಲಿಲ್ಲ. ಇದು ಡೆಫಿನೆಟ್ಲಿಗಿಂತ ಮೇಲೋ, ಆಕ್ಚುಯಲಿಗಿಂತ ಕೆಳಗೋ? ಕೋಟು ಸುಟ್ಟುಹೋಗಿದೆಯೋ? ಇನ್ನೊಬ್ಬರ ಕೈ ಸೇರಿದೆಯೋ? ಉಜ್ಜುತ್ತಿದ್ದ ಗಾಜಿನ ಅಂಚು ಸಾಣೆಕಲ್ಲಿಗೆ ತಗುಲಿ ಚಕ್ಕೆ ಎದ್ದಿತು. ಅಂಗಡಿಯ ಯಜಮಾನರು ಕನ್ನಡಕದ ಮೇಲಿನಿಂದ ನೋಡಿ, "ಹೋಗಿ ಬಾ ತಾಯಿ, ಇದ್ದ ಗಾಜನ್ನಾದ್ರೂ ಉಳಿಸು," ಎಂದರು.

ಅವಳು ಓಡಲಿಲ್ಲ, ಆದರೆ ನಡೆದದ್ದೂ ಅಲ್ಲ. ಟೈಲರ್ ಅಂಗಡಿಯ ಬಾಗಿಲಲ್ಲಿ ಎಂದೂ ಇಲ್ಲದ ಶಿಸ್ತು. ಚೂರುಬಟ್ಟೆಯ ರಾಶಿ ಮಾಯವಾಗಿತ್ತು. ಕೌಂಟರಿನ ಹಿಂದೆ ಮಾಸ್ಟರ ಮಗಳು ಕೂತಿದ್ದಳು, ಅವಳ ತಲೆಯ ಮೇಲೆ ಹೊಸ ಬೋರ್ಡು: ಆಗಿದ್ದರೆ ಆಗಿದೆ, ಇಲ್ಲದಿದ್ದರೆ ಇಲ್ಲ.

"ಈ ವಾರದಿಂದ ಅಂಗಡಿ ನಾನೇ ನೋಡ್ಕೊಳ್ತಿದೀನಿ ಅಕ್ಕಾ," ಎಂದಳು ಮಗಳು. "ಅಪ್ಪಂಗೆ ಇಂಗ್ಲಿಷ್ ಬಂದ್. ದಿನಾ ಬಾಗಿಲಲ್ಲಿ ಯಾರಾದ್ರೊಬ್ರು ಕೂಗಾಡ್ತಾ ಇರೋರು. ನಂಗೆ ಸಾಕಾಗಿತ್ತು."

"ಅದೆಲ್ಲ ಇರ್ಲಿ ಕಣಮ್ಮ, ಕೋಟು ಎಲ್ಲಿ?"

ಮಗಳು ಗೂಟದ ಕಡೆ ಕೈ ತೋರಿಸಿದಳು. ಕೋಟು ಅಲ್ಲೇ ಇತ್ತು. ಅಪ್ಪನ ಕಂದು ಕೋಟು, ಭುಜ ಕಿರಿದಾಗಿ, ತೋಳು ಸಣ್ಣಗಾಗಿ, ತಮ್ಮನ ಆಕಾರ ಹೊತ್ತು ನಿಂತಿತ್ತು. ಅಳತೆ ಕೊಡಲು ಬಂದವರು ಕೂರುವ ಸ್ಟೂಲಿನ ಮೇಲೆ ಅಕ್ಕ ದೊಪ್ಪನೆ ಕೂತಳು. ಕೋಟನ್ನು ಮಡಿಲಿಗೆ ಎಳೆದುಕೊಂಡು ಒಳಗಡೆ ಕೈ ಹಾಕಿ ನೋಡಿದಳು. ಅಪ್ಪ ಬಸ್ ಟಿಕೆಟ್ ಇಟ್ಟುಕೊಳ್ಳುತ್ತಿದ್ದ ಕಳ್ಳಜೇಬನ್ನು ಮಾಸ್ಟರು ಹಾಗೇ ಉಳಿಸಿದ್ದರು.

ಮಾಸ್ಟರು ಮೆಷಿನ್ನಿನ ಹಿಂದೆ ಬಾಯಿಗೆ ಹೊಲಿಗೆ ಹಾಕಿಕೊಂಡವರಂತೆ ಕೂತಿದ್ದರು. ಮಗಳು ಕೋಟು ಸುತ್ತಲು ಕಾಗದ ತರಲು ಒಳಗೆ ಹೋದದ್ದೇ ತಡ, ಬಗ್ಗಿ ಪಿಸುಗುಟ್ಟಿದರು: "ಪ್ರಾಬಬ್ಲಿ ಸರಿಯಾಗಿ ಕೂರುತ್ತಮ್ಮ. ನಿಮ್ಮಪ್ಪನ ಕೋಟು ನೋಡು, ನಂಗೇ ಭಯ."

ಅಕ್ಕನಿಗೆ ಹೋದ ಜೀವ ಬಂದಂತಾದದ್ದು ಆಗಲೇ. ಕೋಟು ಕಣ್ಣೆದುರು ಕಂಡಾಗಲೂ ಬಾರದ ನಂಬಿಕೆ ಆ ಒಂದು ಮಾತಿಗೆ ಬಂತು.

ಸಂಜೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ತಮ್ಮನ ಕೋಣೆಗೆ ಹೋದಳು. ಅವನು ಮಂಚದ ಅಂಚಿನಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಕೋಟನ್ನು ನೋಡಿದವನ ಕೈ ನಿಂತಿತು. ಮುಖದಲ್ಲಿ ಖುಷಿ ಇರಲಿಲ್ಲ. ನೆಪ ಕೈಬಿಟ್ಟು ಹೋದವನ ಮುಖ ಹೇಗಿರುತ್ತದೆಂದು ಅಕ್ಕನಿಗೆ ಗೊತ್ತು, ಆ ಮುಖವನ್ನು ಅವನು ಚಿಕ್ಕವನಿದ್ದಾಗಿನಿಂದ ನೋಡಿದ್ದಾಳೆ.

"ಹಾಕ್ಕೊಂಡು ನೋಡು."

ಹಾಕಿಕೊಂಡ. ಅಳತೆ ತೆಗೆದು ಅಂಟಿಸಿದ ಹಾಗೆ ಕೂತಿತು. ಕೈ ತಾನಾಗಿ ಕಳ್ಳಜೇಬಿಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಅಕ್ಕ ಕೇಳಬಾರದೆಂದುಕೊಂಡೇ ಕೇಳಿಬಿಟ್ಟಳು. "ನಾಳೆ ಬರ್ತೀಯ ತಾನೆ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಈಗ ಅವನು ಎದೆ ತಟ್ಟಿಕೊಂಡು ಡೆಫಿನೆಟ್ಲಿ ಎಂದನೆಂದರೆ ಎಲ್ಲ ಮುಗಿಯಿತು. ನಾಳೆ ಮತ್ತೆ ತಾನೊಬ್ಬಳೇ ಹೋಗಿ ಆ ಹುಡುಗಿಯ ಮುಂದೆ ಕೈಕಟ್ಟಿ ನಿಲ್ಲಬೇಕು.

ತಮ್ಮ ಕನ್ನಡಿಯನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

"ಪ್ರಾಬಬ್ಲಿ," ಎಂದ. ದನಿ ನಡುಗುತ್ತಿತ್ತು.

ಅಕ್ಕ ಪಾಲಿಶ್ ಡಬ್ಬಿಯ ಮುಚ್ಚಳ ಹುಡುಕುವ ನೆಪದಲ್ಲಿ ಮಂಚದ ಕೆಳಗೆ ಬಗ್ಗಿದಳು. ಕಣ್ಣೊರೆಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಆ ಕೋಣೆಯಲ್ಲಿ ಇರಲಿಲ್ಲ. ನಿರ್ಧಾರ ಮಾಡಿ ಮುಗಿಸಿದವನಿಗೆ ಮಾತ್ರ ಹೀಗೆ ಭಯವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಚ್ಚಳ ಮಂಚದ ಮೇಲೆಯೇ ಇತ್ತು. ಅವನು ಅದನ್ನು ಮೆಲ್ಲಗೆ ದಿಂಬಿನ ಕೆಳಗೆ ಸರಿಸಿದ.

ಬೆಳಿಗ್ಗೆ ಅಕ್ಕ ಕಚೇರಿ ತಲುಪುವಷ್ಟರಲ್ಲಿ ತಮ್ಮ ಆಗಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಸೆಕೆಗೆ ಬೆವರುತ್ತ. ಒಳಗೆ ಒಂದು ಉದ್ದನೆಯ ಮೇಜು, ತಿರುಗುವುದೋ ಬೇಡವೋ ಎನ್ನುತ್ತಿದ್ದ ಫ್ಯಾನು. ಅಧಿಕಾರಿ ಹೆಸರು ಓದಿದರು, ಒಪ್ಪಿಗೆಯೇ ಎಂದು ಕೇಳಿದರು. ತಮ್ಮ ಎಲ್ಲಿ ಡೆಫಿನೆಟ್ಲಿ ಎಂದುಬಿಡುತ್ತಾನೋ ಎಂದು ಅಕ್ಕ ಹೆದರಿದಳು. ಅವನು "ಹೂಂ" ಎಂದು ಮಾತ್ರ ಹೇಳಿದ. ಸಹಿ ಸೊಟ್ಟಗೆ ಬಿದ್ದರೂ ಸಹಿ ಸಹಿಯೇ. ಹುಡುಗಿ ಔಷಧಿ ಬಿಲ್ಲು ಬರೆದಷ್ಟು ಸಲೀಸಾಗಿ ತನ್ನದನ್ನೂ ಹಾಕಿದಳು.

ಮೆಟ್ಟಿಲಿಳಿಯುವಾಗ ಅವಳು ಅಕ್ಕನ ಪಕ್ಕಕ್ಕೆ ಬಂದಳು. ಹಿಂದಿನ ಎರಡು ಕಥೆಯೂ ಅವಳ ಕಿವಿಗೆ ಬಿದ್ದಿತ್ತು ಎನ್ನುವುದು ಅವಳು ಕೇಳಿದ ರೀತಿಯಲ್ಲೇ ತಿಳಿಯಿತು.

"ಇವರು ಬರ್ತಾರೆ ಅಂತ ನಿಮಗೆ ನಂಬಿಕೆ ಇತ್ತಾ ಅತ್ತಿಗೆ?"

"ಡೆಫಿನೆಟ್ಲಿ," ಎಂದಳು ಅಕ್ಕ.

ಮುಂದೆ ಹೋಗುತ್ತಿದ್ದ ತಮ್ಮ ಮೆಟ್ಟಿಲ ಮೇಲೆಯೇ ನಿಂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಎಷ್ಟು ನಕ್ಕನೆಂದರೆ ಕೋಟಿನ ಗುಂಡಿ ಬಿಚ್ಚಬೇಕಾಯಿತು. ಹುಡುಗಿ ಒಮ್ಮೆ ಅವನನ್ನು, ಒಮ್ಮೆ ಅಕ್ಕನನ್ನು ನೋಡಿದಳು.

"ಇದರಲ್ಲಿ ನಗೋದೇನಿದೆ?"

"ಹೇಳ್ತೀನಿ," ಎಂದ ತಮ್ಮ, ಕಣ್ಣೊರೆಸಿಕೊಳ್ಳುತ್ತ. "ಮೊದಲು ಮನೆಗೆ ಹೋಗೋಣ ಬಾ."